ಪಟ್ಟಿಗೂ ಲಿಂಗಕ್ಕೂ ಒಂದೇ ಎದೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ನಾಗರಪಂಚಮಿಯ ದಿನ. ಐದನೆಯ ಇಯತ್ತೆ ಅರ್ಧಕ್ಕೇ ನಿಂತಿತು. ಊರೂರು ಸುತ್ತಿ ಕಡೆಗೆ ಪುಣೆಯಲ್ಲಿ ಲಾರಿ ಡ್ರೈವರ್ ಆದೆ. ಒಮ್ಮೆ ಅಲ್ಲೇ ಹತ್ತಿರದ ರಾಂಜಣಗಾಂವದಲ್ಲಿ ಮಾಲು ಇಳಿಸುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಎದೆ ಸರಿಯಿದೆಯೆಂದು ಡಾಕ್ಟರು ಹೇಳುವವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದ ಮಾಲೀಕ.

ಆಸ್ಪತ್ರೆಯಲ್ಲಿ ಮಲಗಿಸಿ ತೆಗೆದ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಓಡಾಡುವಾಗಲೇ ಬಡಿತ ಅಳೆಯುವ ಎದೆಪಟ್ಟಿಯೊಂದನ್ನು ಧಾರವಾಡದ ಮೇಡಂ ಒಬ್ಬರು ಅಲ್ಲೇ ತಯಾರಿಸುತ್ತಿದ್ದರು. ಡಾಕ್ಟರು ನನ್ನನ್ನು ಅವರ ಬಳಿ ಕಳಿಸಿದರು. ಅಂಗಿ ಬಿಚ್ಚಿದಾಗ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಂಡು, "ಲಿಂಗ ತಗದಿಡ್ರಿ. ಪಟ್ಟಿಗೆ ಬಡದ್ರ ಬಡಿತದ ಗೆರಿ ಕೆಡತಾವ," ಎಂದರು.

"ತಗಿಯೂದಿಲ್ರಿ."

"ಎರಡು ದಿನದ ಮಾತು."

"ಮನಿ ಬಿಟ್ಟೀನಿ, ಸಾಲಿ ಬಿಟ್ಟೀನಿ, ಇದನ್ನ ಬಿಟ್ಟಿಲ್ಲ. ನಿಮ್ಮೂರಾಗ ಎಷ್ಟು ಮಂದಿ ಕೊರಳಾಗ ಅದ, ಎಲ್ಲಾರಿಗೂ ಬಿಚ್ಚಸ್ತೀರೇನು?"

"ನಮ್ಮಪ್ಪನ ಕೊರಳಾಗೂ ಅದ," ಎಂದು ಗೊಣಗಿದ ಮೇಡಂ, ಕರಡಿಗೆಗೆ ತಾಗದಂತೆ ಪಟ್ಟಿಯನ್ನು ಪಕ್ಕೆಯ ಕಡೆ ಸರಿಸಿ ಕಟ್ಟಿದರು.

ಪಟ್ಟಿ ಕಟ್ಟಿಕೊಂಡೇ ಎರಡು ದಿನ ಪುಣೆಯ ಸದಾಶಿವ ಪೇಠದ ಹಳೆಯ ವಾಡೆಗಳ ಮೆಟ್ಟಿಲು ಹತ್ತಿ ಇಳಿದೆ. ಗೆರೆಗಳು ಚೊಕ್ಕವಾಗಿ ಬಂದವು, ಎದೆಯೂ ಚೊಕ್ಕ ಎಂದರು ಡಾಕ್ಟರು. ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ನಿಂತದ್ದಕ್ಕೆ ಬಿದ್ದೆನಂತೆ; ಇನ್ನು ಮೇಲೆ ಬುತ್ತಿಯಿಲ್ಲದೆ ಗಾಡಿ ಹತ್ತಬೇಡ ಎಂದರು ಮೇಡಂ. ಮಾಲೀಕ ಆವತ್ತೇ ಕುರಕುಂಭದ ಲೋಡು ಕೊಟ್ಟ.

"ಇನ್ನೊಂದು ವಾರ ಇಲ್ಲೇ ಇರ್ರಿ. ಪಟ್ಟಿ ಇನ್ನೂ ಪರೀಕ್ಷಾ ಮಾಡೂದದ," ಎಂದರು ಮೇಡಂ.

"ಓಡಾಡೋರ ಸಲುವಾಗಿ ಪಟ್ಟಿ ಅಂತೀರಿ, ಮತ್ತ ಅವರನ್ನ ಹಿಡದು ಕೂಡಸ್ತೀರಿ," ಎಂದೆ.

ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಖೋಲಿಗೆ ಬಂದೆ. ಅಂಗಿ, ಕಂಬಳಿ ಚೀಲಕ್ಕೆ ತುರುಕಿದೆ. ಮೇಡಂ ಮಾತು ಒಂದನ್ನಾದರೂ ಕೇಳಬೇಕಲ್ಲ, ರೊಟ್ಟಿ ಬುತ್ತಿಯನ್ನೂ ಕಟ್ಟಿಕೊಂಡೆ.