ಮೂರನೇ ದಿನ ನಿಲ್ಲಿಸಿದ ಔಷಧಿ

ರಾಯಲ್ಪಾಡಿನ ನಮ್ಮತ್ತೆ ವೆಂಕಟರತ್ನಮ್ಮ ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕಿದವರು. ಮನುಷ್ಯರನ್ನು ನೋಡುವುದೂ ಅದೇ ಕಣ್ಣಿನಲ್ಲಿ. ಹೊಸ ಸೊಸೆಯಾಗಿ ಹುಳದ ಮನೆಗೆ ಕಾಲಿಡಹೋದ ನನ್ನನ್ನು, "ಪೌಡರ್ ವಾಸ್ನೆ! ಮುಖ ತೊಳ್ಕೊಂಡ್ ಬಾಮ್ಮ, ಹುಳ ಮೇವು ಬಿಡ್ತವೆ" ಎಂದು ಬಾಗಿಲಲ್ಲೇ ತಡೆದಿದ್ದರು.

ಕಳೆದ ತಿಂಗಳು ನನ್ನ ಎರಡು ವರ್ಷದ ಮೇಘನಳಿಗೆ ಗಂಟಲು ಸೋಂಕಾಯಿತು. ಕೋಲಾರದ ಡಾಕ್ಟರು ಐದು ದಿನದ ಆ್ಯಂಟಿಬಯಾಟಿಕ್ ಸಿರಪ್ ಬರೆದು, ಒಂದು ದಿನವೂ ತಪ್ಪಿಸಬೇಡಿ ಅಂದರು. ಎರಡೇ ದಿನಕ್ಕೆ ಜ್ವರ ಇಳಿಯಿತು. ಮೂರನೇ ದಿನ ಬೆಳಗ್ಗೆ ನಾನು ಮಾಡಬಾರದ ಕೆಲಸ ಮಾಡಿದೆ. ಮೊಬೈಲಿನಲ್ಲಿ ಆ ಔಷಧಿಯ ಬಗ್ಗೆ ಓದಿದೆ. ಅದು ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದಂತೆ! ಬೆಳೆಯೋ ಮಗುವಿಗೆ ಪ್ರೋಟೀನ್ ನಿಂತರೆ ಉಳಿಯುವುದೇನು? ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ.

ಹಿಪ್ಪುನೇರಳೆ ಸೊಪ್ಪು ಹೊತ್ತು ಬಂದ ಅತ್ತೆ ಕೇಳಿದರು, "ಔಷಧಿ ಎಲ್ಲಮ್ಮ ಚಂದನ?"

"ಜ್ವರ ಇಲ್ವಲ್ಲ ಅತ್ತೆ. ಅದು ಪ್ರೋಟೀನ್ ಆಗಕ್ಕೇ ಬಿಡಲ್ವಂತೆ."

"ರೇಷ್ಮೆ ನೂಲು ಏನದು?"

"ಅದೂ... ಪ್ರೋಟೀನೇ."

"ಹುಳಕ್ಕೆ ಸಪ್ಪೆ ರೋಗ ಬಂದಾಗ ಎಲೆ ಮೇಲೆ ಚಿಮುಕಿಸಿದ್ದೂ ಇಂಥದ್ದೇ ಅಂತ ರೇಷ್ಮೆ ಇಲಾಖೆ ಗೋಪಿ ಹೇಳಿದ್ದ. ತಿಂದ ಹುಳ ಗೂಡು ಕಟ್ಟಲಿಲ್ವಾ? ರೋಗದ ಕ್ರಿಮಿ ತಾನೇ ಸತ್ತಿದ್ದು?" ಆಮೇಲೆ ದನಿ ತಗ್ಗಿತು. "ಒಂದ್ಸಲ ನಾನೂ ಮೂರನೇ ದಿನಕ್ಕೆ ನಿಲ್ಲಿಸ್ದೆ ಕಣೇ, ಚೆನ್ನಾಗಿ ಮೇಯ್ತಿದಾವೆ ಅಂತ. ವಾರದೊಳಗೆ ತಟ್ಟೆ ತಟ್ಟೆ ಹುಳ ತಿಪ್ಪೆಗೆ ಹೊತ್ತೆ. ಇದು ಹುಳ ಅಲ್ಲ, ಮಗು."

ತಕ್ಷಣ ಡಾಕ್ಟರಿಗೆ ಫೋನು ಮಾಡಿ ನನ್ನ ಪ್ರೋಟೀನ್ ಭಯ ಹೇಳಿಕೊಂಡೆ. "ಕ್ರಿಮಿಯೊಳಗೆ ಪ್ರೋಟೀನ್ ಕಟ್ಟೋ ಯಂತ್ರದ ಅಚ್ಚೇ ಬೇರೆ, ನಮ್ಮದು ಬೇರೆ. ಈ ಔಷಧಿ ಕ್ರಿಮಿಯದ್ದನ್ನ ಮಾತ್ರ ಹಿಡ್ಕೊಳ್ಳುತ್ತೆ. ಈಗ್ಲೇ ಕೊಡಿ," ಎಂದರು. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು.

"ಡಾಕ್ಟ್ರೇ, ಮೈ ಹೊಳೀತಿದೆ. ಹಿಕ್ಕೆ ಗಟ್ಟಿಯಾಗಿದೆ. ಮೇವು ಮಾತ್ರ ಅರ್ಧ ಬಿಡ್ತದೆ."

ಆ ಕಡೆಯಿಂದ ಡಾಕ್ಟರ ದನಿ ಕೇಳಿಸಿತು, "ಅಮ್ಮಾ, ಯಾವ ಪ್ರಾಣಿ ಬಗ್ಗೆ ಹೇಳ್ತಿದೀರಾ?"

"ನನ್ನ ಮೊಮ್ಮಗಳು!"

ಬಾಟಲಿ ಹೊರಬಂತು. ಮೇಘನ ತುಟಿ ಬಿಗಿದಳು. ಅತ್ತೆ ಕೆನ್ನೆ ಹಿಡಿದು ಕುಡಿಸಿ, ನುಂಗಿದ್ದು ಖಾತ್ರಿಯಾಗಲು ಬಾಯಿ ತೆಗೆಸಿ ನೋಡಿದರು.

"ನಾಳೆಯಿಂದ ನಾನೇ ಕೊಡ್ತೀನಿ ಅತ್ತೆ."

"ಕೊಡು. ಫೋನು ಮಾತ್ರ ಕೇಳ್ಬೇಡ." ನನ್ನ ಮೊಬೈಲು ಅವರ ಸೊಂಟ ಸೇರಿತು. ವಾಪಸು ಸಿಕ್ಕಿದ್ದು ಐದನೇ ದಿನದ ಔಷಧಿ ಮಗುವಿನ ಗಂಟಲಿಳಿದ ಮೇಲೆಯೇ.