ಬೇಲಿಗೆ ಕಟ್ಟಿದ್ದ ಸೀರೆ

ಎರಡು ವರ್ಷದ ಹಿಂದಿನ ಮಾತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮುಳಬಾಗಿಲು ಕಡೆಯಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಿನವೂ ಎರಡು ಗಂಟೆ ಬಸ್ಸಿನಲ್ಲೇ ಕಳೆಯುವುದರಿಂದ ಬೊಂತ ಹೊಲಿಯುವ ಹುಚ್ಚು ಹತ್ತಿತ್ತು. ಹಳೇ ಸೀರೆಗಳ ಕೌದಿಗೆ ನಮ್ಮ ಕಡೆ ಬೊಂತ ಅನ್ನುತ್ತಾರೆ. ನಮ್ಮಜ್ಜಿ ಹೊದೆಯುವಷ್ಟು ದೊಡ್ಡದು ಹೊಲಿಯುತ್ತಿದ್ದಳು, ನಾನು ಗೋಡೆಗೆ ತೂಗುಹಾಕುವ ಗೇಣಗಲದ್ದು. ಹೋದ ಊರಿನದೊಂದು ತುಂಡು ಬಟ್ಟೆ ಅದರಲ್ಲಿ ಇರಲೇಬೇಕು. ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾನು ಯಾರನ್ನೂ ನಂಬುವವಳಲ್ಲ. ಪಕ್ಕದ ಸೀಟಿನವರು ನಿದ್ದೆ ಹೋದರೂ ನಾಟಕವೆಂದುಕೊಂಡು ಬ್ಯಾಗು ಅವುಚಿಕೊಳ್ಳುತ್ತೇನೆ.

ದಾರಿಯಲ್ಲಿ ಬಸ್ಸು ಪಂಕ್ಚರ್ ಆಯಿತು. ಪಕ್ಕದಲ್ಲೇ ಟೊಮೆಟೊ ತೋಟ, ಹಂದಿ ನುಗ್ಗದಂತೆ ಸುತ್ತ ಹಳೇ ಸೀರೆಗಳನ್ನು ಕಟ್ಟಿದ್ದರು. ಅದರಲ್ಲೊಂದು ನೇರಳೆ ಸೀರೆ, ಬಿಸಿಲಿಗೆ ಮಾಸಿ ಯಾವ ಅಂಗಡಿಯಲ್ಲೂ ಸಿಗದ ಬಣ್ಣಕ್ಕೆ ತಿರುಗಿತ್ತು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಣ್ಣು ನನ್ನ ಸರದ ಮೇಲೇ ಇದೆ ಎಂದುಕೊಂಡೆ. ಅವಳಿಗೆ ಬೆನ್ನು ಮಾಡಿ, ಕತ್ತರಿ ತೆಗೆದು ಎರಡು ಬೆರಳಗಲ ಕತ್ತರಿಸಿಕೊಂಡೆ.

"ಏನಮ್ಮಾ ಕತ್ತರಿಸ್ದೆ?" ಅವಳು ಹೊರೆ ಎಸೆದು ಓಡಿಬಂದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಬ್ಯಾಗು ಮುಟ್ಟಿಕೊಂಡೆ. ಅದನ್ನು ಕಿತ್ತುಕೊಂಡು ನೆಲಕ್ಕೆ ಸುರಿದೇಬಿಟ್ಟಳು. ಸೂಜಿ, ಕಪ್ಪು ದಾರ, ಬೇರೆ ಬೇರೆ ಹೆಂಗಸರ ಸೀರೆಯ ತುಂಡುಗಳು. ಅಷ್ಟರಲ್ಲಿ ಸೇರಿದ್ದ ನಾಲ್ಕೈದು ಮಂದಿಯಲ್ಲಿ ಒಬ್ಬಳು "ಚೇತಬಡಿ" ಅಂದಳು. ತೆಲುಗಿನಲ್ಲಿ ಮಾಟಕ್ಕೆ ಹಾಗನ್ನುತ್ತಾರೆ. ನನ್ನ ಕಣ್ಣಿಗೇ ಅದು ಮಾಟಗಾತಿಯ ಚೀಲದಂತೆ ಕಂಡಿತು.

"ನನ್ ಸೊಸೆ ಉಟ್ಟಿದ್ ಸೀರೆ ಅದು. ಎರಡು ಸಲ ಬಸುರು ನಿಲ್ಲಲಿಲ್ಲ, ಈಗ ಏಳು ತಿಂಗಳು. ಯಾರು ಕಳಿಸಿದ್ರು ನಿನ್ನ?" ಅಂದಳು ಹೊರೆಯವಳು.

ಅರ್ಧ ಹೊಲಿದ ಬೊಂತ ತೋರಿಸಿದೆ. ಬಟ್ಟೆ ತುಂಡಲ್ಲಿ ಏನೂ ಇರುವುದಿಲ್ಲಮ್ಮ, ನಾನು ವಿಜ್ಞಾನದ ಟೀಚರು ಅಂದೆ.

"ಹಂಗಾದ್ರೆ ಕೇಳಿ ತಗೊಳ್ಳೋದ್ ಬಿಟ್ಟು ಕದ್ದಿದ್ಯಾಕೆ?"

ಸಮಾಧಾನ ಹೇಳಲು ಬಂದ ಕಂಡಕ್ಟರ್, ಸೇರಿದವರ ಮುಖ ನೋಡಿ ಹಿಂದೆ ಸರಿದ. ಕತ್ತರಿಸಿದ್ದನ್ನು ಅಲ್ಲೇ ಮತ್ತೆ ಹೊಲಿಯಬೇಕೆಂದಳು ಅವಳು. ಬದುವಿನ ಮೇಲೆ ಕೂತು ಹೊಲಿದೆ. ಬಿಟ್ಟಳೆಂದುಕೊಂಡು ಎದ್ದರೆ ಕೈ ಚಾಚಿದಳು.

"ಈಗ ನಿನ್ ಸೀರೇದೊಂದು ತುಂಡು ಕೊಟ್ಟು ಹೋಗು. ಹೆರಿಗೆ ಆಗೋವರ್ಗೂ ನನ್ ಹತ್ರ ಇರ್ಲಿ. ಅದ್ರಲ್ಲೇನೂ ಇರಲ್ಲ ಅಂತ ನೀನೇ ಅಂದ್ಯಲ್ಲ."

ನನಗೆ ಕತ್ತರಿ ಎತ್ತಲಾಗಲಿಲ್ಲ. ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ ಕಾಣೆ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕಣ್ಣು ಮುಚ್ಚಿ ಸೆರಗಿನ ತುದಿ ಕತ್ತರಿಸಿ ಕೊಟ್ಟೆ. ಅವಳು ಅದನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

ಆಮೇಲೆ ತಲೆ ನೋವು ಬಂದರೂ, ಮೆಟ್ಟಿಲು ಎಡವಿದರೂ ಆ ತುಂಡಿನದೇ ನೆನಪು. ಅದಕ್ಕೇನು ಮಾಡುತ್ತಿದ್ದಾಳೋ ಎಂಬ ಅನುಮಾನ. ಸೊಸೆಗೇನಾದರೂ ಆದರೆ ನನ್ನ ತಲೆಗೇ ಬರುತ್ತದೆಂಬ ಭಯ ಬೇರೆ. ತಡೆಯಲಾಗದೆ ಮೂರು ತಿಂಗಳಾದ ಮೇಲೆ ಒಂದು ದಿನ ಅಲ್ಲೇ ಇಳಿದೆ.

ತೋಟದ ಪಕ್ಕದ ಮನೆಯೊಳಗಿಂದ ಕೂಸು ಅಳುವುದು ಕೇಳಿ ಕಾಲಿಗೆ ಬಲ ಬಂತು. ಅವಳು ಗುರುತು ಹಿಡಿದಳು. ಒಳಗೆ ಹೋಗಿ ದೇವರ ಗೂಡಿನಿಂದ ಅರಿಶಿನದ ಡಬ್ಬಿ ತಂದಳು. ನಾಲ್ಕು ಮಡಿಕೆ ಮಾಡಿದ ನನ್ನ ಸೆರಗಿನ ತುಂಡು ಅದರಲ್ಲಿತ್ತು.

"ತಗೊಳ್ಳಿ ಮೇಡಂ, ನಿಮ್ದು. ಆಚೆ ಇಟ್ರೆ ಇಲಿ ಕಡಿದು ನಿಮಗೇನಾದ್ರೂ ಆದೀತು ಅಂತ ಇದ್ರಲ್ಲಿ ಇಟ್ಟಿದ್ದೆ."

ಮೂರು ತಿಂಗಳು ನಾನು ಅವಳ ಬಗ್ಗೆ ಅಂದುಕೊಂಡದ್ದೆಲ್ಲ ನೆನಪಾಗಿ ತಲೆ ಎತ್ತಲಾಗಲಿಲ್ಲ. ಕಾಫಿ ಕೊಟ್ಟಳು, ಕೂಸನ್ನು ಮಡಿಲಿಗೂ ಹಾಕಿದಳು. ನೇರಳೆ ಸೀರೆ ಬೇಲಿಯಲ್ಲಿ ಹಾಗೇ ಇತ್ತು, ನನ್ನ ಹೊಲಿಗೆಯೂ ಬಿಟ್ಟಿರಲಿಲ್ಲ. ಒಂದು ತುಂಡು ಕೇಳಲು ನನಗೆ ಬಾಯಿ ಬರಲಿಲ್ಲ.

ಆ ಬೊಂತ ಈಗ ನಮ್ಮ ಗೋಡೆಯ ಮೇಲಿದೆ. ನೇರಳೆಗೆಂದು ಬಿಟ್ಟಿದ್ದ ಜಾಗಕ್ಕೆ ನನ್ನದೇ ತುಂಡು ಹೊಲಿದಿದ್ದೇನೆ. ಅದಕ್ಕೆ ಹತ್ತಿದ ಅರಿಶಿನವನ್ನು ತೊಳೆದಿಲ್ಲ.