ಮಾತಾಡಿಸಲು ಬಂದವರು

ನಾಯಿ ಹೋದ ಮೇಲೆ ನಾನು ಮನೆಯಲ್ಲಿ ಕೂತದ್ದೇ ಕಡಿಮೆ. ಸಂಜೆ ಲ್ಯಾಬಿನಿಂದ ಬಂದು ಬೂಟು ಬಿಚ್ಚಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಮತ್ತೆ ಬೂಟು ಹಾಕಿಕೊಂಡು ಹೊರಡುತ್ತಿದ್ದೆ. ಎಲ್ಲಿಗೆ ಎಂದು ಗಂಡ ಕೇಳಿದರೆ "ಇಲ್ಲೇ" ಅನ್ನುತ್ತಿದ್ದೆ. ಸುಳ್ಳೇನಲ್ಲ. ಲುಂಡ್ ಇರುವುದೇ ಅಷ್ಟು, ಎಲ್ಲಿಗೆ ಹೋದರೂ ಇಲ್ಲೇ. ಸ್ವೀಡನ್ನಿನ ದಕ್ಷಿಣದ ತುದಿಯ ಹಳೇ ಊರು. ಕಲ್ಲು ಹಾಸಿದ ಓಣಿಗಳು, ಬಾಗಿಲ ಪಕ್ಕದಲ್ಲೇ ಹಾಲಿಹಾಕ್ ಹೂವಿನ ಗಿಡ ಬೆಳೆಸಿಕೊಂಡ ಗಿಡ್ಡ ಮನೆಗಳು, ಎಲ್ಲದರ ತಲೆ ಮೇಲೆ ದೊಡ್ಡ ಚರ್ಚಿನ ಎರಡು ಬೂದುಬಣ್ಣದ ಗೋಪುರಗಳು. ಮತ್ತೆ ಗಾಳಿ. ಬಯಲು ಸೀಮೆಯ ಗಾಳಿ, ತಡೆಯುವುದಕ್ಕೆ ಒಂದು ಗುಡ್ಡವೂ ಇಲ್ಲ. ಅದಕ್ಕೂ ನನ್ನ ಹಾಗೆ ಕೂರಲು ಜಾಗ ಸಿಕ್ಕಿದ್ದಿಲ್ಲ.

ತುಮಕೂರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ನಾನು ಬೀದಿಯಲ್ಲೇ ಇರುತ್ತಿದ್ದೆ. "ಯಾವಾಗ್ ಮಾಡಿದ್ರೂ ಗಾಳಿ ಸದ್ದೇ. ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ ಅನ್ನೋ ಹಾಗಾಯ್ತು ನಿನ್ ಕಥೆ" ಅಂದಳು ಒಂದು ದಿನ. ಅಂದ ಮೇಲೆ ಅವಳಿಗೇ ಕಸಿವಿಸಿಯಾಗಿರಬೇಕು. ಆಮೇಲೆ ಊಟ ಆಯಿತಾ ಎಂದು ಕೇಳಿದಳು.

ನಾಯಿ ಬೇಡವೇ ಬೇಡ ಎಂದು ಹಟ ಮಾಡಿದ್ದವಳು ನಾನೇ. ಗಂಡ ತಂದ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು ಬಿದ್ದದ್ದು, ಜಾತಿ ಯಾವುದೆಂದು ತಂದವನಿಗೂ ಗೊತ್ತಿರಲಿಲ್ಲ. ಕಾಗದದಲ್ಲಿ ಏನೋ ಒಂದು ಹೆಸರಿತ್ತು. ನಾವು ಮರಿ ಅಂತಲೇ ಕರೆದೆವು, ಮುದಿಯಾಗಿ ಮೂತಿ ಬೆಳ್ಳಗಾದ ಮೇಲೂ ಮರಿಯೇ. ಗಂಡ ದಿನಾ ಸಮುದ್ರದ ಸೇತುವೆ ದಾಟಿ ಕೋಪನ್‌ಹೇಗನ್‌ಗೆ ಕೆಲಸಕ್ಕೆ ಹೋಗುವವನು, ತಡವಾಗಿ ಬರುವವನು. ಹಾಗಾಗಿ ಬೇಡ ಅಂದವಳ ಕೈಗೇ ಹಗ್ಗ ಬಂತು. ಮಳೆಯಲ್ಲಿ, ಹಿಮದಲ್ಲಿ, ಆ ಗಾಳಿಯಲ್ಲಿ ದಿನಾ ಎರಡು ಹೊತ್ತು ಮರಿಯೇ ನನ್ನನ್ನು ಊರು ಸುತ್ತಿಸಿದ.

ನನಗೆ ಸಿಟ್ಟು ಬಂದಿದ್ದು ಸಾವಿನ ಮೇಲಲ್ಲ. ಮುದಿ ನಾಯಿ, ಕಿಡ್ನಿ ಕೈಕೊಟ್ಟಿತ್ತು, ಹೋಯಿತು. ಸಿಟ್ಟು ಬಂದಿದ್ದು ಯಾರೂ ಮಾತಾಡಿಸಲು ಬರಲಿಲ್ಲವಲ್ಲ ಎಂದು. ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಜನ ಮಾತಾಡಿಸಿಕೊಂಡು ಹೋಗಲು ಬರುತ್ತಾರೆ. ಬಂದು, ಕೂತು, ಗಂಟಲು ಸರಿಮಾಡಿಕೊಂಡು, "ಹೇಗಾಯ್ತು?" ಅನ್ನುತ್ತಾರೆ. ಮನೆಯವರು ಮೊದಲಿಂದ ಹೇಳಬೇಕು. ಅವರು ಎದ್ದು ಹೋಗುವ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ, ಮತ್ತೆ ಮೊದಲಿಂದ. ಅಜ್ಜ ಹೋದಾಗ ಅಜ್ಜಿ ಹೀಗೆ ದಿನವಿಡೀ ಹೇಳುವುದನ್ನು ಕಂಡು, ಇದೆಂಥ ಹಿಂಸೆ, ಇವರಿಗೆ ಬುದ್ಧಿ ಇಲ್ಲವಾ ಎಂದುಕೊಂಡಿದ್ದೆ. ಈಗ ನನ್ನ ಬಾಯಲ್ಲಿ ಇಡೀ ಕಥೆ ಸಿದ್ಧವಾಗಿ ಕೂತಿತ್ತು, ಕೇಳುವವರೇ ಇರಲಿಲ್ಲ.

ಲ್ಯಾಬಿನಲ್ಲಿ ಫೀಕಾ ಹೊತ್ತಿಗೆ, ಎಲ್ಲ ಸೇರಿ ಕಾಫಿ ಕುಡಿಯುವಾಗ ಹೇಳಿದೆ. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟು ವಿಷಾದಿಸಿದಳು, ಉಳಿದವರು ತಲೆ ತಗ್ಗಿಸಿದರು, ಆಮೇಲೆ ದಾಲ್ಚಿನ್ನಿ ಬನ್ನು ಮುಂದೆ ಸರಿಯಿತು. ಪಕ್ಕದ ಊರು ಮಾಲ್ಮೋದಲ್ಲಿ ಕನ್ನಡದವರ ಊಟಕ್ಕೆ ಹೋದರೆ ಅಲ್ಲಿ ಇನ್ನೊಂದು ಥರ. "ಅಯ್ಯೋ ಪಾಪ. ಆದ್ರೂ ಒಂದ್ ಲೆಕ್ಕದಲ್ಲಿ ಫ್ರೀ ಆದ್ರಿ ಬಿಡಿ, ಇನ್ಮೇಲೆ ಇಂಡಿಯಾ ಟ್ರಿಪ್ ಆರಾಮಾಗಿ ಪ್ಲ್ಯಾನ್ ಮಾಡ್ಬಹುದು" ಅಂದರು ಒಬ್ಬರು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನಿರಲಿಲ್ಲ, ಬಿಸಿಬೇಳೆಬಾತಿಗೆ ಬೂಂದಿ ಹಾಕಿಕೊಳ್ಳುತ್ತ ಅಂದದ್ದು. ನಾನು ತಟ್ಟೆ ಅರ್ಧಕ್ಕೇ ಬಿಟ್ಟು ರೈಲು ಹತ್ತಿದೆ.

ಎಲ್ಲರಿಗಿಂತ ಹೆಚ್ಚು ಉರಿಸಿದವರು ನಾಯಿಯವರು. ಈ ದೇಶದಲ್ಲಿ ಲಿಫ್ಟಿನಲ್ಲಿ ಪಕ್ಕ ನಿಂತ ಮನುಷ್ಯನನ್ನು ಕಣ್ಣೆತ್ತಿ ನೋಡದವರು ನಾಯಿ ಕಂಡರೆ ಮೊಣಕಾಲೂರಿ ಮಾತಿಗಿಳಿಯುತ್ತಾರೆ. ಮರಿಯಿಂದಾಗಿ ಅರ್ಧ ಊರು ನನಗೆ ಪರಿಚಯ. ಅವರಿಗೆ ನನ್ನ ಹೆಸರು ಗೊತ್ತಿಲ್ಲ, ನನಗೆ ಅವರದ್ದು ಗೊತ್ತಿಲ್ಲ, ನಾಯಿಗಳದ್ದು ಮಾತ್ರ ಎಲ್ಲ ಗೊತ್ತು. ಈಗ ನಾನೊಬ್ಬಳೇ ಬರುವುದು ಕಂಡು ಬಿಳಿ ಪೂಡಲ್ ನಾಯಿಯ ಹೆಂಗಸು ರಸ್ತೆಯ ಆಚೆ ಬದಿಗೆ ದಾಟಿದಳು. ಜೋಡಿ ನಾಯಿಯ ಹುಡುಗಿ ಇದ್ದಕ್ಕಿದ್ದಂತೆ ಫೋನ್ ನೋಡತೊಡಗಿದಳು. ಓಹೋ, ಹಗ್ಗದ ಆ ತುದಿಯಲ್ಲಿ ಅವನಿಲ್ಲದಿದ್ದರೆ ಈ ತುದಿಯಲ್ಲಿ ನಾನಿದ್ದರೂ ಒಂದೇ, ಲೈಟು ಕಂಬವಿದ್ದರೂ ಒಂದೇ ಎಂದುಕೊಂಡೆ. ಅವತ್ತು ಮನೆಗೆ ಬಂದು ಇಡೀ ಸ್ವೀಡನ್ನಿಗೆ ಕನ್ನಡದಲ್ಲಿ ಬೈದೆ. ಗಂಡ ಕೇಳಿಸಿಕೊಂಡ. ಹೇಗಾಯ್ತು ಎಂದು ಅವನೂ ಕೇಳಿರಲಿಲ್ಲ. ಮರಿ ಹೋದ ದಿನ ಅವನು ಸೇತುವೆಯ ಆಚೆ ಇದ್ದ. ಬಂದಾಗ ಎಲ್ಲ ಮುಗಿದಿತ್ತು.

ಆಮೇಲೆ ನಾಯಿಯನ್ನು ಒಳಗೆ ಬಿಡದ ಜಾಗಗಳಿಗೇ ಹೋಗತೊಡಗಿದೆ. ಅಲ್ಲಿ ಮರಿ ಯಾವತ್ತೂ ಇರಲಿಲ್ಲ, ಹಾಗಾಗಿ ಇಲ್ಲ ಅನ್ನಿಸುವ ಪ್ರಶ್ನೆಯೇ ಇಲ್ಲ. ಮೀನು, ಚೀಸು ಮಾರುವ ಹಳೇ ಮಾರುಕಟ್ಟೆಯೊಳಗೆ ಏನೂ ಕೊಳ್ಳದೆ ಸುತ್ತಿದೆ. ಲೈಬ್ರರಿಯಲ್ಲಿ ಪುಸ್ತಕ ತೆಗೆದು ಇಟ್ಟೆ. ಚರ್ಚಿಗೆ ಹೋಗಿ ಪ್ರವಾಸಿಗಳ ಜತೆ ದೊಡ್ಡ ಗಡಿಯಾರದ ಮುಂದೆ ನಿಂತೆ. ಮಧ್ಯಾಹ್ನ ಅದರ ಬಾಗಿಲು ತೆರೆದು ಮರದ ರಾಜರು ಸಾಲಾಗಿ ಬಂದು ತಲೆ ಬಾಗಿ ಒಳಗೆ ಹೋಗುತ್ತಾರೆ. ಕೆಳಗಿನ ನೆಲಮಾಳಿಗೆಯಲ್ಲಿ ಕಂಬವನ್ನು ತಬ್ಬಿಕೊಂಡ ಕಲ್ಲಿನ ದೈತ್ಯನಿದ್ದಾನೆ. ಚರ್ಚನ್ನೇ ಬೀಳಿಸಲು ಹೊರಟಿದ್ದವನಂತೆ. ನನಗೆ ಮಾತ್ರ ಅವನು ಏನನ್ನೋ ಬಿಡಲಾರದೆ ಹಿಡಿದುಕೊಂಡವನ ಹಾಗೆ ಕಂಡ. ಅಲ್ಲಿಂದಲೂ ಬೇಗ ಹೊರಟು ಬಂದೆ.

ಒಂದು ಶನಿವಾರ ತಲೆ ಬೇರೆಲ್ಲೋ ಇದ್ದಾಗ ಕಾಲು ಹಳೇ ದಾರಿ ಹಿಡಿಯಿತು. ನೋಡಿದರೆ ಪಾರ್ಕಿನಲ್ಲಿದ್ದೆ, ಹಳೇ ಕೋಟೆಯ ಮಣ್ಣಿನ ದಿಬ್ಬದ ಕೆಳಗೆ. ಎದುರಿಗೆ ನೀಲಿ ಟೋಪಿಯ ಮುದುಕರು ಬರುತ್ತಿದ್ದರು, ಜತೆಯಲ್ಲಿ ಅವರ ಗಿಡ್ಡ ಕಾಲಿನ ಉದ್ದ ನಾಯಿ. ಅದು ಮರಿಯ ಖಾಸಾ ಗೆಳೆಯ. ಮುದುಕರು ನನ್ನನ್ನು ನೋಡಿದರು, ನೋಡಿ ಕೊಳದ ಕಡೆ ಮುಖ ತಿರುಗಿಸಿ ನಿಂತರು. ನೀವೂನಾ ಅಂದುಕೊಂಡೆ. ಇವತ್ತು ಬಿಡುವುದಿಲ್ಲ, ಕೇಳಿಯೇ ಕೇಳುತ್ತೇನೆ ಎಂದು ನೆಟ್ಟಗೆ ಅವರತ್ತ ನಡೆದೆ.

ನಾನು ಬಾಯಿ ತೆರೆಯುವ ಮೊದಲೇ ಆ ಗಿಡ್ಡ ನಾಯಿ ಹಗ್ಗ ಎಳೆದುಕೊಂಡು ಬಂತು. ನನ್ನ ಬೂಟು ಮೂಸಿತು. ಬಾಲ ಅಲ್ಲಾಡಿಸುತ್ತ ನನ್ನ ಹಿಂದೆ ಹೋಯಿತು, ಅಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಸುತ್ತು ಬಂದು, ಮತ್ತೆ ಹಿಂದೆ ನೋಡಿತು. ಆಮೇಲೆ ನಾನು ಬಂದ ದಾರಿಗೆ ಮುಖ ಮಾಡಿ ಕೂತುಬಿಟ್ಟಿತು. ಅವನು ಹಿಂದೆ ಉಳಿದಿದ್ದಾನೆ, ಬರುತ್ತಾನೆ ಎಂದು ಅದರ ಲೆಕ್ಕ. ಇಷ್ಟು ದಿನದಲ್ಲಿ ಅವನೆಲ್ಲಿ ಎಂದು ಕೇಳಿದ್ದು ಅದೊಂದೇ.

ಮುದುಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾವು ಮಾತಾಡಿದ್ದು ಸ್ವೀಡಿಷ್‌ನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ.

"ನಿಮಗೆ ಗೊತ್ತಿತ್ತಾ?" ಅಂದೆ.

"ಎಲ್ಲರಿಗೂ ಗೊತ್ತು. ಒಂದಿನ ಬೆಳಿಗ್ಗೆ ಬರೀ ಹಗ್ಗ ಹಿಡ್ಕೊಂಡು ಬಂದಿದ್ರಿ."

ಹಾಗೆ ಹೋಗಿದ್ದು ನನಗೇ ಗೊತ್ತಿರಲಿಲ್ಲ.

"ಮತ್ತೆ ಯಾಕೆ ಯಾರೂ ಕೇಳ್ಲಿಲ್ಲ?"

"ಕೇಳಿದ್ರೆ ನೋವಾಗುತ್ತೆ ಅಂತ. ನೀವಾಗಿ ಹೇಳೋವರೆಗೂ ನಿಮ್ಮನ್ನ ನಿಮ್ಮಷ್ಟಕ್ಕೆ ಬಿಡ್ಬೇಕು ಅಂತ. ಪೂಡಲ್‌ನವರು ನಿಮ್ಮನ್ನ ಕಂಡಾಗೆಲ್ಲ ಅಳ್ತಾರೆ, ಅದಕ್ಕೇ ದಾಟಿ ಹೋಗ್ತಾರೆ."

ನಾನು ಬೈದದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ನಮ್ಮ ಕಡೆಯ ಪದ್ಧತಿ ಅವರಿಗೆ ಹೇಳಿದೆ: ಬಿಡುವುದಿಲ್ಲ, ಮನೆಗೇ ಬರುತ್ತೇವೆ, ಕೂರುತ್ತೇವೆ, ಹೇಗಾಯ್ತು ಎಂದು ಕೇಳುತ್ತೇವೆ. ಯಾವುದೋ ಕಠಿಣ ಚಿಕಿತ್ಸೆಯ ವಿವರ ಕೇಳುವವರಂತೆ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡರು. ಆಮೇಲೆ ಫೋನ್ ತೆಗೆದು ಕ್ಯಾಲೆಂಡರ್ ನೋಡಿ, "ಗುರುವಾರ ಮೂರು ಗಂಟೆಗೆ ಆಗುತ್ತಾ?" ಅಂದರು. ನನಗೆ ನಗು ಬಂತು. ಅಪಾಯಿಂಟ್‌ಮೆಂಟ್ ತಗೊಂಡು ಮಾತಾಡಿಸಲು ಬರುವುದನ್ನು ತುಮಕೂರಿನಲ್ಲಿ ಹೇಳಿದರೆ ನಂಬುವುದಿಲ್ಲ.

ಗುರುವಾರ ನಾನು ಲ್ಯಾಬಿನಿಂದ ಬೇಗ ಬಂದೆ, ಗಂಡ ಮನೆಯಿಂದಲೇ ಕೆಲಸ ಮಾಡಿದ. ಕಾರಣ ನಾನು ಕೇಳಲಿಲ್ಲ. ಮೂರಕ್ಕೆ ಇನ್ನೂ ಹೊತ್ತಿರುವಾಗ ಕಿಟಕಿಯಿಂದ ನೋಡಿದೆ: ಮುದುಕರು ಆಗಲೇ ಬಂದು, ಬೇಗ ಬಾಗಿಲು ತಟ್ಟುವುದು ಮರ್ಯಾದೆಯಲ್ಲವೆಂದು ನಾಯಿ ಹಿಡಿದುಕೊಂಡು ಕಟ್ಟಡ ಸುತ್ತುತ್ತಿದ್ದರು. ಆ ಗಾಳಿಯಲ್ಲಿ ಕೋಟಿನ ಕಾಲರ್ ಎತ್ತಿಕೊಂಡು.

ಒಳಗೆ ಬಂದದ್ದೇ ಗಿಡ್ಡ ನಾಯಿ ಒಂದೊಂದೇ ಕೋಣೆ ಹೊಕ್ಕು ನೋಡಿತು. ಮಂಚದ ಕೆಳಗೆ, ಅಡುಗೆಮನೆ, ಬಾಲ್ಕನಿ ಬಾಗಿಲು. ಕೊನೆಗೆ ಹೀಟರ್ ಪಕ್ಕ ಇನ್ನೂ ತೆಗೆಯದೆ ಬಿಟ್ಟಿದ್ದ ಮರಿಯ ಚಾಪೆಯನ್ನು ಮೂಸಿ, ಅದರ ಮೇಲೆ ಸುರುಳಿ ಸುತ್ತಿ ಮಲಗಿತು. ಮುದುಕರು ಸೋಫಾದ ತುದಿಯಲ್ಲಿ ಕೂತರು. ಗಂಟಲು ಸರಿಮಾಡಿಕೊಂಡರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಹೇಗಾಯ್ತು?" ಅಂದರು.

ಹೇಳಿದೆ. ಬೆಳಿಗ್ಗೆ ಮೊಸರನ್ನ ಮೂಸಿ ಮುಖ ತಿರುಗಿಸಿದ್ದು. ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹೋಗುವಾಗ ಅವನ ತಲೆ ನನ್ನ ತೊಡೆ ಮೇಲಿದ್ದದ್ದು. ಡಾಕ್ಟರು ಕೊನೆಯ ಸೂಜಿ ತರುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿ ಕಿವಿ ಎತ್ತಿದ್ದು, ಸಂಜೆ ಗಂಡನ ಹೆಜ್ಜೆ ಸದ್ದಿಗೆ ಎತ್ತುತ್ತಿದ್ದ ಹಾಗೆ. ಅಡುಗೆಮನೆಯಲ್ಲಿ ಗಂಡ ನಮಗೆ ಬೆನ್ನು ಹಾಕಿ ಒಂದೇ ಲೋಟವನ್ನು ತೊಳೆಯುತ್ತಿದ್ದ. ನಾನು ಆ ಬಾಗಿಲ ಮಾತಿಗೆ ಬಂದಾಗ ನಲ್ಲಿ ನಿಂತಿತು.

ಹೊರಡುವಾಗ ಮುದುಕರು "ವೀ ಸೇಸ್, ಮತ್ತೆ ಸಿಗೋಣ" ಅಂದರು. ಸಾವಿನ ಮನೆಯಿಂದ ಹೋಗುವವರು ಬರುತ್ತೇನೆ ಅನ್ನಬಾರದು, ಅಮ್ಮ ಕೇಳಿಸಿಕೊಂಡಿದ್ದರೆ ಬೆಚ್ಚುತ್ತಿದ್ದಳು. ನಾನು ತಿದ್ದಲಿಲ್ಲ. ಗಿಡ್ಡ ನಾಯಿ ಚಾಪೆ ಬಿಟ್ಟು ಏಳಲೇ ಇಲ್ಲ. ಗಂಡ ಅದನ್ನು ಎತ್ತಿಕೊಂಡು, ಅದರ ಕತ್ತಿನಲ್ಲಿ ಮುಖ ಹುದುಗಿಸಿ, ಕೆಳಗಿನ ಬಾಗಿಲವರೆಗೂ ಬಿಟ್ಟು ಬಂದ.

ಅವನು ಮೇಲೆ ಬರುವ ಹೊತ್ತಿಗೆ ನಾನು ಅಭ್ಯಾಸದಂತೆ ಒಂದು ಬೂಟು ಹಾಕಿಕೊಂಡಾಗಿತ್ತು. ಅವನು ಸೋಫಾದಲ್ಲಿ, ಮುದುಕರು ಕೂತಿದ್ದ ಜಾಗದಲ್ಲೇ ಕೂತ.

"ಹೇಗಾಯ್ತು, ನಂಗೂ ಹೇಳೇ" ಅಂದ.

ಬೂಟು ಬಿಚ್ಚಿಟ್ಟೆ. ಅವನ ಎದುರಿಗೆ ಕೂತು, ಮೊಸರನ್ನದಿಂದ ಶುರು ಮಾಡಿದೆ.